ಹದಿನೈದು ತಿಂಗಳಲ್ಲಿ ಮೂರು ಮತ

ಒಂದು ಮತದ ಬೆಲೆ ಎಷ್ಟೆಂದು ಯಳಂದೂರು ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ ಬಿದ್ದದ್ದು 40,752 ಮತ, ಬಿ. ರಾಚಯ್ಯನವರ ಮಗ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿಯವರ ಕಾರು ಚಾಲಕನೇ ಮತ ಹಾಕಿರಲಿಲ್ಲವಂತೆ ಎಂಬ ಮಾತು ನಮ್ಮ ಹೋಟೆಲುಗಳಲ್ಲಿ ಇನ್ನೂ ನಿಂತಿಲ್ಲ.

ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಗಿ ನಾವು ಕೊಳ್ಳೇಗಾಲಕ್ಕೆ ಸೇರಿದೆವು. 2008ರ ಮೇ ತಿಂಗಳಲ್ಲಿ ಇಲ್ಲಿ ಗೆದ್ದವರೂ ಧ್ರುವನಾರಾಯಣ. ಮರುವರ್ಷವೇ ಪಕ್ಷ ಅವರನ್ನು ಚಾಮರಾಜನಗರ ಲೋಕಸಭೆಗೆ ನಿಲ್ಲಿಸಿತು. ಶಾಸಕರಾಗಿದ್ದುಕೊಂಡೇ ಸಂಸತ್ತಿಗೆ ಸ್ಪರ್ಧಿಸಲು ಕಾನೂನಿನ ಅಡ್ಡಿಯಿಲ್ಲ. ಎದುರಾಳಿ ಮತ್ತೆ ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. ಧ್ರುವನಾರಾಯಣ ಗೆದ್ದರು. ಆದರೆ ಎರಡೂ ಕುರ್ಚಿ ಇಟ್ಟುಕೊಳ್ಳುವಂತಿಲ್ಲ. 1950ರ ನಿಯಮದಂತೆ ಹದಿನಾಲ್ಕು ದಿನದೊಳಗೆ ಶಾಸಕ ಸ್ಥಾನ ಬಿಡಬೇಕು, ಇಲ್ಲದಿದ್ದರೆ ಲೋಕಸಭೆಯ ಸ್ಥಾನ ತೆರವಾಗುತ್ತದೆ. ಅವರು ಕೊಳ್ಳೇಗಾಲ ಬಿಟ್ಟರು.

ಆಗಸ್ಟ್‌ನಲ್ಲಿ ಉಪಚುನಾವಣೆ ಬಂತು. ಶಾಲಾ ಮೇಷ್ಟರಾದ ನನಗೆ ಮತಗಟ್ಟೆಯ ಕೆಲಸ. ಅಣಕು ಮತದಾನ ಮುಗಿಸಿ, ಯಂತ್ರಕ್ಕೆ ಕಾಗದದ ಸೀಲು ಹಾಕಿ, 17ಎ ರಿಜಿಸ್ಟರ್ ಬಿಚ್ಚಿ ಕೂತೆ. ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾ, ‘ಮೊನ್ನೆ ತಾನೆ ಹಾಕಿದ್ನಲ್ಲಪ್ಪ, ಅದೇನಾಯ್ತು?’ ಅಂದಳು. ಹಿಂದೆ ನಿಂತಿದ್ದ ರೇಷ್ಮೆ ನೇಕಾರ ಮಗ್ಗ ನಿಲ್ಲಿಸಿ ಬಂದಿದ್ದ. ಅವನ ಅರ್ಧ ದಿನದ ಕೂಲಿ ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ಗೆದ್ದದ್ದು ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ. ಆಗಲೇ ಉಪಚುನಾವಣೆ ಕಂಡ ರಾಮನಗರ, ಚಿತ್ತಾಪುರಗಳದ್ದೂ ಇದೇ ಕಥೆ: ಅಲ್ಲಿನ ಶಾಸಕರಾಗಿದ್ದ ಕುಮಾರಸ್ವಾಮಿ, ಖರ್ಗೆ ಇಬ್ಬರೂ ಸಂಸದರಾಗಿದ್ದರು.

ಪಕ್ಕದ ಹನೂರು ಬೇರೆ ಕ್ಷೇತ್ರವಾದ್ದರಿಂದ ಅಲ್ಲಿನವರು ಆ ಸಲ ಉಪಚುನಾವಣೆಯಿಂದ ಪಾರಾದರು. ಮಹದೇಶ್ವರ ಬೆಟ್ಟದ ಕಾಡೊಳಗಿನ ಇಂಡಿಗನತ್ತದಂಥ ಊರುಗಳಿಗೆ ಒಂದು ಮತಗಟ್ಟೆ ಹೊತ್ತೊಯ್ಯುವ ಕಷ್ಟ ಬಲ್ಲವನಾಗಿ ನನಗೆ ಅದು ಸಮಾಧಾನದ ಸಂಗತಿ.

ಇನ್ನು ಒಬ್ಬರೇ ಎರಡು ಕಡೆ ನಿಲ್ಲುವುದು. 1996ಕ್ಕೆ ಮುಂಚೆ ಎಷ್ಟು ಕ್ಷೇತ್ರಕ್ಕೆ ಬೇಕಾದರೂ ನಿಲ್ಲಬಹುದಿತ್ತು, ಆಮೇಲೆ ಎರಡಕ್ಕೆ ಮಿತಿ. 2023ರಲ್ಲಿ ವಿ. ಸೋಮಣ್ಣ ನಮ್ಮ ಪಕ್ಕದ ಚಾಮರಾಜನಗರ, ವರುಣಾ ಎರಡರಲ್ಲೂ ನಿಂತು ಎರಡನ್ನೂ ಸೋತರು. ಎರಡನ್ನೂ ಗೆದ್ದಿದ್ದರೆ ಒಂದು ಊರಿಗೆ ಮತ್ತೆ ಸರತಿ ಸಾಲು ತಪ್ಪುತ್ತಿರಲಿಲ್ಲ. ಎರಡು ಕಡೆ ಗೆದ್ದು ವಿಧಾನಸಭಾ ಸ್ಥಾನ ಬಿಡುವವರಿಂದ 5 ಲಕ್ಷ, ಲೋಕಸಭಾ ಸ್ಥಾನ ಬಿಡುವವರಿಂದ 10 ಲಕ್ಷ ರೂಪಾಯಿ ಕಟ್ಟಿಸಿಕೊಳ್ಳಬೇಕೆಂದು ಚುನಾವಣಾ ಆಯೋಗ 2004ರಲ್ಲೇ ಸೂಚಿಸಿತ್ತು. ಅದು ಕಾನೂನಾಗಲಿಲ್ಲ.

ಧ್ರುವನಾರಾಯಣ ಸಜ್ಜನರು. 2023ರ ಮಾರ್ಚ್ 11ರಂದು ಅವರು ತೀರಿಕೊಂಡಾಗ ಈ ಭಾಗದಲ್ಲಿ ಅತ್ತವರು ಬಹಳ. ನನ್ನ ತಕರಾರು ಅವರ ಮೇಲಲ್ಲ, ಹಾಲಿ ಶಾಸಕರಿಗೆ ಟಿಕೆಟ್ ಕೊಟ್ಟು ಉಪಚುನಾವಣೆಯ ಖರ್ಚನ್ನು ಜನರ ತಲೆಗೆ ಕಟ್ಟುವ ಪಕ್ಷಗಳ ಮೇಲೆ. ಆ ಖರ್ಚನ್ನು ಅವೇ ಭರಿಸಲಿ. ಮುಂದಿನ ಸಲ ಮನೆ ಬಾಗಿಲಿಗೆ ಬಂದು ಕೈಮುಗಿಯುವವರನ್ನು, ಯಾವ ಪಕ್ಷದವರೇ ಆಗಲಿ, ‘ಐದು ವರ್ಷ ಇಲ್ಲೇ ಇರ್ತೀರಾ?’ ಎಂದು ದಯವಿಟ್ಟು ಕೇಳಿ.