ಕವಲೇದುರ್ಗ: ಕರಾವಳಿಯ ಭಕ್ತರಿಗೊಂದು ಅರ್ಧ ದಿನದ ಬೆಟ್ಟದ ನಡಿಗೆ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಭಕ್ತರು ಮಕ್ಕಳೊಡನೆ, ಹಿರಿಯರೊಡನೆ ಏರಬಹುದಾದ ಸುಲಭವಾದ ಬೆಟ್ಟ ಯಾವುದೆಂದು ಆಗಾಗ ವಿಚಾರಿಸುವುದುಂಟು. ಕೊಡಚಾದ್ರಿಯ ಏರು ಎಲ್ಲರಿಗೂ ಒಗ್ಗುವಂಥದಲ್ಲ. ಮೊದಲ ಬಾರಿಗೆ ಬೆಟ್ಟ ಹತ್ತುವವರಿಗೆ ಕವಲೇದುರ್ಗ ಯೋಗ್ಯವಾದ ಸ್ಥಳ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿರುವ ಈ ಗಿರಿದುರ್ಗಕ್ಕೆ ಭುವನಗಿರಿ ದುರ್ಗವೆಂಬ ಹೆಸರೂ ಇದೆ. ಇದು ಘಟ್ಟದ ಮೇಲಿದ್ದರೂ ಕರಾವಳಿಯವರಿಗೆ ಪರಸ್ಥಳವಲ್ಲ. ಇದರ ನೆತ್ತಿಯಿಂದ ಕಾಣುವ ನೀರು ನಮ್ಮೂರಿನ ವಾರಾಹಿಯದೇ ಆಗಿದೆ.

ಕೆಳದಿ ಮತ್ತು ಕರಾವಳಿ

ವಿಜಯನಗರದ ಸಾಮಂತರಾಗಿದ್ದ ಕೆಳದಿಯ ನಾಯಕರು ಬಾರಕೂರು ಮತ್ತು ಮಂಗಳೂರು ರಾಜ್ಯಗಳ ಆಡಳಿತವನ್ನು ವಹಿಸಿಕೊಂಡು, ಮುಂದೆ ಸ್ವತಂತ್ರ ಅರಸರಾದರು. ಕೆಳದಿ, ಇಕ್ಕೇರಿ, ಬಿದನೂರು ಕ್ರಮವಾಗಿ ಅವರ ರಾಜಧಾನಿಗಳು. ಘಟ್ಟದ ಮೇಲಿನ ಕಾಳುಮೆಣಸು, ಕರಾವಳಿಯ ಅಕ್ಕಿ ಇವೆರಡೂ ಆ ರಾಜ್ಯದ ಸಂಪತ್ತಾಗಿದ್ದವು. ಅವು ಹೊರನಾಡಿಗೆ ಸಾಗುತ್ತಿದ್ದ ಮುಖ್ಯ ಬಂದರುಗಳಲ್ಲಿ ವಾರಾಹಿಯ ದಡದ ಬಸರೂರು ಒಂದು. 1665ರಲ್ಲಿ ಶಿವಾಜಿ ಮಹಾರಾಜರು ಸಮುದ್ರಮಾರ್ಗವಾಗಿ ಬಂದು ಬಸರೂರಿನ ಮೇಲೆ ದಾಳಿ ಮಾಡಿದ್ದೇ ಆ ಬಂದರಿನ ಸಿರಿಗೆ ಸಾಕ್ಷಿ. 1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಳ್ಳುವುದರೊಂದಿಗೆ ಕೆಳದಿಯ ಆಳ್ವಿಕೆ ಕೊನೆಗೊಂಡಿತು.

ಕವಲೇದುರ್ಗದ ಕೋಟೆ ಕೆಳದಿಯವರಿಗಿಂತ ಹಿಂದಿನದು. ಅದನ್ನು ಬಲಪಡಿಸಿದವರಲ್ಲಿ 1629ರವರೆಗೆ ಆಳಿದ ಹಿರಿಯ ವೆಂಕಟಪ್ಪ ನಾಯಕನ ಹೆಸರು ಮುಖ್ಯವಾದುದು. ಆತ ಇಲ್ಲಿ ಅರಮನೆಯನ್ನು ಕಟ್ಟಿಸಿದ; ಮಹತ್ತಿನ ಮಠವನ್ನೂ ಅಗ್ರಹಾರವನ್ನೂ ಸ್ಥಾಪಿಸಿದ. ಮಹತ್ತು ಎಂದರೆ ಶರಣರ, ವಿರಕ್ತ ಜಂಗಮರ ಸಮೂಹ. ಅವರು ಕೂಡುವ, ಬಂದವರಿಗೆ ದಾಸೋಹ ನಡೆಯುವ ನೆಲೆಯೇ ಮಹತ್ತಿನ ಮಠ. ಇಂಥ ಮಠಗಳಿಗೆ ಬಿಟ್ಟ ಭೂಮಿಯ ವಿವರ ಕೆಳದಿ ಅರಸರ ಅನೇಕ ಶಾಸನಗಳಲ್ಲಿ ದೊರೆಯುತ್ತದೆ. ವೀರಶೈವ ಅರಸನೊಬ್ಬ ಮಠದೊಡನೆ ಅಗ್ರಹಾರವನ್ನೂ ನೆಲೆಗೊಳಿಸಿದ್ದನ್ನು ಇಂದಿನ ಓದುಗರು ವಿಶೇಷವಾಗಿ ಗಮನಿಸಬೇಕು.

ತಲುಪುವ ಬಗೆ

ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ಮಾರ್ಗವಾಗಿ ಬಾಳೆಬರೆ ಘಾಟಿಯನ್ನೇರಿ, ಹುಲಿಕಲ್, ಮಾಸ್ತಿಕಟ್ಟೆ, ಯಡೂರುಗಳನ್ನು ದಾಟಿ ಹೋಗಬಹುದು. ದೂರ ಸುಮಾರು 70 ಕಿ.ಮೀ.; ಘಾಟಿಯ ತಿರುವುಗಳಿರುವುದರಿಂದ ಎರಡರಿಂದ ಎರಡೂವರೆ ಗಂಟೆ ಬೇಕು. ಬೈಂದೂರಿನವರು ಕೊಲ್ಲೂರು, ನಿಟ್ಟೂರು, ನಗರದ ಮೂಲಕವೂ, ಬ್ರಹ್ಮಾವರದವರು ಹೆಬ್ರಿ, ಆಗುಂಬೆ, ತೀರ್ಥಹಳ್ಳಿಯ ಮೂಲಕವೂ ಬರಬಹುದು. ಮಳೆಗಾಲದಲ್ಲಿ ಘಾಟಿಯ ರಸ್ತೆಗಳು ಕುಸಿದು ಸಂಚಾರ ನಿಲ್ಲುವುದುಂಟು. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಕ್ಷೇಮ. ಬೆಳಗ್ಗೆ ಆರಕ್ಕೆ ಕುಂದಾಪುರ ಬಿಟ್ಟರೆ ಒಂಬತ್ತರೊಳಗೆ ನಡಿಗೆ ಆರಂಭಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗಿಳಿಯಬಹುದು.

ನಡಿಗೆ

ಊರಿನಲ್ಲಿ ವಾಹನ ನಿಲ್ಲಿಸಿದ ಮೇಲೆ ಹಾದಿಯು ಮೊದಲು ಗದ್ದೆಯ ಬದಿಯಲ್ಲಿ ಸಾಗಿ, ಅನಂತರ ಮರಗಳ ನೆರಳಿನಲ್ಲಿ ಕಲ್ಲು ಹಾಸಿದ ಏರುದಾರಿಯಾಗುತ್ತದೆ. ನೆತ್ತಿಯವರೆಗೆ ಒಂದು ದಿಕ್ಕಿಗೆ ಸುಮಾರು ಎರಡು ಕಿ.ಮೀ. ಹತ್ತಲು ಒಂದು ಗಂಟೆ, ನೋಡಲು ಒಂದು ಗಂಟೆ, ಇಳಿಯಲು ಮುಕ್ಕಾಲು ಗಂಟೆ ಸಾಕು. ಐವತ್ತು ದಾಟಿದ ಈ ಲೇಖಕನ ಮೊಣಕಾಲುಗಳೂ ದೂರದೆ ಹತ್ತಿದ ಬೆಟ್ಟವಿದು.

ಕೋಟೆಗೆ ಮೂರು ಸುತ್ತುಗಳು. ಭಾರಿ ಕಲ್ಲುಗಳ ಗೋಡೆಯು ಬೆಟ್ಟದ ಮೈಯ ಏರಿಳಿತವನ್ನೇ ಅನುಸರಿಸಿ ಸಾಗಿದೆ. ಪ್ರತಿ ಸುತ್ತಿಗೂ ಒಂದು ಹೆಬ್ಬಾಗಿಲು, ಅದರ ಇಕ್ಕೆಲಗಳಲ್ಲಿ ಕಾವಲಿನವರ ಕೋಣೆಗಳು. ಹೊಸಬರು ಈ ಬಾಗಿಲುಗಳನ್ನೇ ವಿಶ್ರಾಂತಿಯ ತಾಣಗಳನ್ನಾಗಿ ಮಾಡಿಕೊಂಡರೆ ಏರು ಆಯಾಸವೆನಿಸದು.

ಒಳಸುತ್ತಿನಲ್ಲಿ ಕಾಶೀವಿಶ್ವನಾಥ ದೇವಾಲಯವಿದೆ. ಅದರ ಮುಂದೆ ಎರಡು ಎತ್ತರದ ಕಲ್ಲುಕಂಬಗಳು ನಿಂತಿವೆ. ಅಲ್ಲಿಂದ ಮುಂದೆ ಅರಮನೆಯ ತಳಹದಿ. ಉತ್ಖನನದಿಂದ ಬೆಳಕಿಗೆ ಬಂದ ಕಂಬಗಳ ಪೀಠಗಳು, ಜಗಲಿಗಳು, ಸ್ನಾನದ ಮನೆ, ನೀರು ಹರಿಯುವ ಕಾಲುವೆ ಹಾಗೂ ಅಡುಗೆಮನೆಯ ಕಲ್ಲಿನ ಒಲೆಯನ್ನು ಇಲ್ಲಿ ನೋಡಬಹುದು. ಮಕ್ಕಳು ಸಾಮಾನ್ಯವಾಗಿ ಈ ಒಲೆಯ ಬಳಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅರಸರೂ ಉಣ್ಣುತ್ತಿದ್ದರೆಂಬುದು ಅವರಿಗೆ ಇತಿಹಾಸದ ಮೊದಲ ಪಾಠವಾಗುತ್ತದೆ. ನೆತ್ತಿಯ ಬಂಡೆಯ ಮೇಲೆ ಶ್ರೀಕಂಠೇಶ್ವರನ ಚಿಕ್ಕ ಗುಡಿಯಿದೆ. ಇದನ್ನು ಶಿಖರೇಶ್ವರನೆಂದೂ ಕರೆಯುತ್ತಾರೆ.

ನೆತ್ತಿಯಿಂದ ಕಾಣುವ ನೀರು

ಗುಡಿಯ ಬಳಿ ನಿಂತು ಪಶ್ಚಿಮಕ್ಕೆ ನೋಡಿದರೆ ಕಾಡಿನ ನಡುವೆ ಕೈ ಕೈಯಾಗಿ ಚಾಚಿಕೊಂಡ ವಿಶಾಲವಾದ ನೀರು ಕಾಣುತ್ತದೆ. ಅನೇಕರು ಇದನ್ನು ಕೆರೆಯೆಂದು ತಿಳಿಯುತ್ತಾರೆ. ಇದು ಮಾಣಿ ಅಣೆಕಟ್ಟೆಯಿಂದ ನಿಂತ ವಾರಾಹಿಯ ಹಿನ್ನೀರು. ನೀರಿನ ನಡುವೆ ದ್ವೀಪಗಳಂತೆ ತೋರುವುವು ಹಿಂದಿನ ಗುಡ್ಡಗಳ ತಲೆಗಳು.

ಈ ನೀರು ಸುರಂಗದ ಮೂಲಕ ಘಟ್ಟವನ್ನಿಳಿದು ಹೊಸಂಗಡಿಯ ಭೂಗತ ವಿದ್ಯುದಾಗಾರವನ್ನು ಸೇರುತ್ತದೆ. 1989ರಲ್ಲಿ ಆರಂಭವಾದ ಅಲ್ಲಿ ಇಂದು ತಲಾ 115 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ವಿದ್ಯುತ್ತಾದ ಬಳಿಕ ನೀರು ಮತ್ತೆ ನದಿಯಾಗಿ ಸಿದ್ದಾಪುರ, ಹಾಲಾಡಿ, ಬಸರೂರುಗಳ ಮೂಲಕ ಹರಿದು ಗಂಗೊಳ್ಳಿಯಲ್ಲಿ ಕಡಲಿಗೆ ಸೇರುತ್ತದೆ. ಇದಕ್ಕಾಗಿ ಘಟ್ಟದ ಮೇಲಿನ ಎಷ್ಟೋ ಕುಟುಂಬಗಳು ಗದ್ದೆ, ತೋಟ, ಮನೆಗಳನ್ನು ಬಿಟ್ಟು ಹೋಗಬೇಕಾಯಿತು. ವಾರಾಹಿಯ ಕುಂಚಿಕಲ್ ಜಲಪಾತ ಮಳೆಗಾಲದ ಹೊರತು ಬಡವಾಯಿತು. ನಮ್ಮ ಮನೆಯ ದೀಪಕ್ಕೂ ಗದ್ದೆಯ ನೀರಿಗೂ ಯಾರೋ ತೆತ್ತ ಬೆಲೆಯಿದೆ. ಆ ನೋಟದ ಮುಂದೆ ಐದು ನಿಮಿಷ ಮೌನವಾಗಿ ಕುಳಿತರೆ ಅದರ ಅರಿವು ತಾನಾಗಿ ಮೂಡುತ್ತದೆ.

ಕಾಲ ಮತ್ತು ಎಚ್ಚರಿಕೆ

ಅಕ್ಟೋಬರದಿಂದ ಫೆಬ್ರುವರಿಯವರೆಗಿನ ಕಾಲ ಉತ್ತಮ. ಹುಲಿಕಲ್, ಯಡೂರುಗಳು ನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿನವು. ಮಳೆಗಾಲದಲ್ಲಿ ಕಲ್ಲುಹಾದಿ ಪಾಚಿಗಟ್ಟಿ ಜಾರುತ್ತದೆ. ಮಂಜು ಕವಿದು ನೀರಿನ ನೋಟವೂ ಸಿಗದು. ಇಂಬಳಗಳ ಕಾಟವೂ ಇರುತ್ತದೆ.

ಬೇಸಿಗೆಯ ಕಡೆಗೆ ಬೇರೊಂದು ಎಚ್ಚರಿಕೆ ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಉಣುಗಿನಿಂದ ಹರಡುತ್ತದೆ. ತೀರ್ಥಹಳ್ಳಿ, ಹೊಸನಗರ ತಾಲೂಕುಗಳಲ್ಲಿ ಡಿಸೆಂಬರಿನಿಂದ ಮೇವರೆಗೆ ಇದರ ಭಯವಿದೆ. ಮೈತುಂಬ ಬಟ್ಟೆ ತೊಡಬೇಕು. ಉಣುಗು ನಿವಾರಕ ತೈಲ ಸವರಿಕೊಳ್ಳಬೇಕು. ದರಗಿನ ಮೇಲೆ ಕೂರಬಾರದು. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಬೇಕು. ಅನಂತರದ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ಹೇಳಲೇಬೇಕು.

ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು, ಬುತ್ತಿ, ಹಿಡಿತವಿರುವ ಪಾದರಕ್ಷೆ, ಹಿರಿಯರಿಗೆ ಊರುಗೋಲು ಇರಲಿ. ಕೋಟೆಯ ಗೋಡೆಗಳಿಗೂ ಕೊಳಗಳಿಗೂ ತಡೆಬೇಲಿಯಿಲ್ಲದ ಕಡೆ ಮಕ್ಕಳ ಕೈ ಬಿಡಬಾರದು. ಸಂಜೆಯ ಬೆಳಕು ಮನಮೋಹಕವಾದರೂ ಹೊಸಬರು ಕತ್ತಲೆಗೆ ಮುನ್ನ ಇಳಿಯುವುದು ಲೇಸು.

ನಡೆದವರ ಹೊಣೆ

ಗೋಡೆಯ ಮೇಲೆ ಹೆಸರು ಕೆತ್ತುವುದು, ಕೆತ್ತನೆಯ ಕಲ್ಲುಗಳ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳುವುದು, ಬಾಟಲಿಗಳನ್ನು ಕೊಳಕ್ಕೆ ಎಸೆಯುವುದು ಈಚೆಗೆ ಹೆಚ್ಚಾಗಿದೆ. ದುರ್ಗವನ್ನು ಕಟ್ಟಿದವರ ಹೆಸರೇ ಅಲ್ಲಿ ಹೆಚ್ಚು ಕಾಣದಿರುವಾಗ, ಒಂದು ಗಂಟೆ ಇದ್ದು ಹೋಗುವವರ ಹೆಸರಿಗೆ ಅಲ್ಲಿ ಏನು ಕೆಲಸ? ದಾಸೋಹ ನಡೆದ ನೆಲದಲ್ಲಿ ಕಸ ಬಿಟ್ಟು ಬರುವುದು ಶರಣಮಾರ್ಗದವರಿಗೆ ತಕ್ಕ ನಡೆಯಲ್ಲ. ಒಯ್ದ ಬುತ್ತಿಯ ಕಾಗದವನ್ನು ಮರಳಿ ತರುವುದರೊಡನೆ, ದಾರಿಯಲ್ಲಿ ಸಿಕ್ಕ ಇನ್ನೊಬ್ಬರ ಕಸವನ್ನೂ ಒಂದು ಚೀಲದಷ್ಟು ಹೊತ್ತು ತಂದರೆ ಅದೂ ಕಾಯಕವೇ.

ಮಹತ್ತಿನ ಮಠದ ದಾಸೋಹದ ಸದ್ದು ಅಲ್ಲಿ ಅಡಗಿ ಬಹುಕಾಲವಾಯಿತು. ಅದರ ನೆನಪು ಉಳಿಯುವುದೂ ಅಳಿಯುವುದೂ ಇನ್ನು ಮುಂದೆ ಆ ಹಾದಿಯಲ್ಲಿ ನಡೆಯುವವರ ಕೈಯಲ್ಲಿದೆ. ಮಕ್ಕಳನ್ನು ಕರೆದೊಯ್ಯಿರಿ, ವಾರಾಹಿಯ ನೀರನ್ನು ತೋರಿಸಿರಿ, ಇಳಿದು ಬರುವಾಗ ಬಸರೂರಿನ ಸೇತುವೆಯ ಬಳಿ ಒಮ್ಮೆ ನಿಂತು, ಬೆಳಗ್ಗೆ ಮೇಲಿನಿಂದ ಕಂಡ ನೀರು ಇದೇ ಎಂದು ಹೇಳಿರಿ.