ಹೊನ್ನಲ್ಲದ ಹೊಂಬಣ್ಣದ ಹೊದಿಕೆ

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳರ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ್ದು 1246ರಲ್ಲಿ. ಅದರ ಗೋಡೆಯ ಶಿಲ್ಪಗಳಲ್ಲಿ ಎಲ್ಲಾದರೂ ಬಿರುಕು ಕಂಡರೆ ಹತ್ತಿರ ಹೋಗಿ ನೋಡಬಹುದು, ಸರಿಪಡಿಸಲೂಬಹುದು. ಇದೇ ಜಿಲ್ಲೆಯ ಹಾಸನ ನಗರದಲ್ಲಿ 1982ರಿಂದ ಇರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದವರಿಗೆ ಆ ಅನುಕೂಲವಿಲ್ಲ. ಅವರು ನಿಗಾ ವಹಿಸುವ ಉಪಗ್ರಹಗಳಿರುವುದು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ.

ಉಪಗ್ರಹದ ಚಿತ್ರ ನೋಡಿದವರು ಅದರ ಮೈಗೆ ಸುತ್ತಿದ ಹೊಂಬಣ್ಣದ ಹಾಳೆಯನ್ನು ಚಿನ್ನವೆಂದೇ ತಿಳಿಯುವುದುಂಟು. ಆದರೆ ಆ ಬಣ್ಣ ಸಾಮಾನ್ಯವಾಗಿ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನದು. ಅದರ ಹಿಂಬದಿಗೆ ಅಲ್ಯುಮಿನಿಯಂ ಆವಿಯನ್ನು ನಿರ್ವಾತದಲ್ಲಿ ಕೂರಿಸಿರುತ್ತಾರೆ. ಈ ಲೋಹದ ಪದರದ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಇಂಥ ಹಲವು ಹಾಳೆಗಳ ಹೊದಿಕೆಯೇ ಬಿಸಿಲು, ಚಳಿಗಳಿಂದ ಉಪಕರಣಗಳನ್ನು ಕಾಯುವ ಕಂಬಳಿ. 1960ರಲ್ಲಿ ಅಮೆರಿಕ ಹಾರಿಸಿದ ಎಕೋ-1 ಎಂಬ 30 ಮೀಟರ್ ಅಗಲದ ಬಲೂನೂ ಅಲ್ಯುಮಿನಿಯಂ ಲೇಪಿಸಿದ ಪ್ಲಾಸ್ಟಿಕ್ಕಿನದೇ.

ಇಷ್ಟು ತೆಳು ಪದರದ ಗಟ್ಟಿತನವನ್ನು ಅಳೆಯುವುದು ಹೇಗೆ? ಇದಕ್ಕೆ ದಾರಿ ತೋರಿದವನು ಬ್ರಿಟನ್ನಿನ ಎಂಜಿನಿಯರ್ ಸ್ಟೋನಿ. ತೆಳುವಾದ ಉಕ್ಕಿನ ಪಟ್ಟಿಗೆ ವಿದ್ಯುತ್ತಿನಿಂದ ನಿಕ್ಕಲ್ ಲೇಪಿಸಿದಾಗ ಪಟ್ಟಿ ಬಾಗುವುದನ್ನು ಆತ ಗಮನಿಸಿದ. ಪಟ್ಟಿ ಎಷ್ಟು ಬಾಗಿದೆ ಎಂಬುದರಿಂದ ಲೇಪದೊಳಗಿನ ಬಿಗಿತವನ್ನು ಲೆಕ್ಕಹಾಕುವ ಸೂತ್ರವನ್ನು 1909ರಲ್ಲಿ ಪ್ರಕಟಿಸಿದ. ಆ ಸೂತ್ರ ಇಂದಿಗೂ ಬಳಕೆಯಲ್ಲಿದೆ.

ಬಾಗುವ ಪ್ಲಾಸ್ಟಿಕ್ಕಿನ ಮೇಲಿನ ಲೋಹಕ್ಕೆ ಬೇರೆ ಪರೀಕ್ಷೆಗಳೂ ಇವೆ. ಅಂಟುಪಟ್ಟಿ ಒತ್ತಿ ಕಿತ್ತು, ಲೋಹ ಎದ್ದು ಬರುತ್ತದೆಯೇ ನೋಡುವುದು ಒಂದು. ಹಾಳೆಯನ್ನು ಮೆಲ್ಲಗೆ ಎಳೆಯುತ್ತಾ ಲೋಹದ ವಿದ್ಯುತ್ ರೋಧವನ್ನು ಅಳೆಯುವುದು ಇನ್ನೊಂದು. ರೋಧ ಥಟ್ಟನೆ ಏರಿತೆಂದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿದೆ ಎಂದರ್ಥ. ಈ ಪ್ರಯೋಗಗಳಿಂದ ತಿಳಿದ ಸಂಗತಿ ಸ್ವಾರಸ್ಯಕರ. ಒಂಟಿಯಾಗಿದ್ದಾಗ ನೂರಕ್ಕೆ ಒಂದೆರಡು ಪಾಲು ಹಿಗ್ಗಿದರೇ ಹರಿಯುವ ಲೋಹದ ಪದರ, ಪ್ಲಾಸ್ಟಿಕ್ಕಿಗೆ ಚೆನ್ನಾಗಿ ಅಂಟಿದ್ದರೆ ಅದರ ಹಲವು ಪಟ್ಟು ತಾಳಬಲ್ಲದು. ತೆಳು ಲೋಹದ ಬಲ ಲೋಹದಲ್ಲಿ ಮಾತ್ರವಲ್ಲ, ಅಂಟಿನಲ್ಲೂ ಇದೆ.

ಪರೀಕ್ಷೆಯೆಲ್ಲ ನೆಲದ ಮೇಲೆಯೇ ಮುಗಿಯಬೇಕು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹದ ಒಂದು ಭಾಗ ಬಿಚ್ಚಿಕೊಳ್ಳಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಇಂಧನ ತೀರಿ ಉಪಗ್ರಹವನ್ನೇ ಕೈಬಿಡಬೇಕಾಯಿತು. ಅಲ್ಲಿ ತೊಂದರೆ ಹೊದಿಕೆಯದಾಗಿರಲಿಲ್ಲ. ಆದರೆ ಪಾಠ ಹೊದಿಕೆಗೂ ಒಂದೇ: ಮೇಲೆ ಹೋದದ್ದಕ್ಕೆ ತೇಪೆ ಹಾಕಲು ಬರುವುದಿಲ್ಲ.