ಶುಶ್ರೂಷಕರ ಕೈಚರ್ಮದ ಶುಷ್ಕತೆ

ಶುಶ್ರೂಷಕರ ಕೈಚರ್ಮದ ಶುಷ್ಕತೆಯು ಪದೇ ಪದೇ ಕೈ ತೊಳೆಯುವುದರಿಂದ ಉಂಟಾಗುವ ವೃತ್ತಿಸಂಬಂಧಿ ತೊಂದರೆಯಾಗಿದ್ದು, ಮುಂದೆ ಚರ್ಮದ ಉರಿಯೂತಕ್ಕೆ ತಿರುಗಬಹುದು. ಸಾಬೂನು ಚರ್ಮದ ಸಹಜ ಜಿಡ್ಡನ್ನು ತೆಗೆದುಹಾಕುತ್ತದೆ. ಬಿಸಿನೀರು ಹಾಗೂ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಂತಹ ಬಯಲುಸೀಮೆಯ ಊರುಗಳ ಒಣಹವೆ ಇದನ್ನು ಉಲ್ಬಣಗೊಳಿಸುತ್ತವೆ. ಬಿರುಕುಗಳಲ್ಲಿ ಸ್ಟ್ಯಾಫಿಲೋಕಾಕಸ್‌ನಂತಹ ರೋಗಾಣುಗಳು ನೆಲೆಸುವುದರಿಂದ ರೋಗಿಗಳಿಗೂ ಅಪಾಯವಿದೆ.

ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ ಇಲ್ಲದಿದ್ದಾಗ ಸಾಬೂನಿನ ಬದಲು ಆಲ್ಕೋಹಾಲ್ ಸ್ಯಾನಿಟೈಸರ್ ಬಳಸಲು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಸೂಚಿಸುತ್ತದೆ. ಒಡೆದ ಕೈಗೆ ಅದು ಉರಿಯುವುದರಿಂದ, ಅದೇ ಹಾನಿಕರವೆಂದು ಭಾವಿಸಿ ಸಾಬೂನಿಗೆ ಮರಳುವವರುಂಟು. ವಾಸ್ತವವಾಗಿ, ಗ್ಲಿಸರಾಲ್ ಬೆರೆತ (ಸಂಸ್ಥೆಯ ಸೂತ್ರದಲ್ಲಿ ಶೇ. 1.45) ಸ್ಯಾನಿಟೈಸರ್ ಚರ್ಮವನ್ನು ಸಾಬೂನಿಗಿಂತ ಕಡಿಮೆ ಒಣಗಿಸುತ್ತದೆ.

ತೊಳೆದ ಕೈಯನ್ನು ಉಜ್ಜದೆ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಕೈಗವಸು ಧರಿಸಬೇಕು. ಮಾಯಿಶ್ಚರೈಸರ್ ಲೇಪನವೂ ಉಪಯುಕ್ತ. ಆದರೆ ಪೆಟ್ರೋಲಿಯಂ ಆಧಾರಿತ ಮುಲಾಮು ಲ್ಯಾಟೆಕ್ಸ್ ಕೈಗವಸನ್ನು ಶಿಥಿಲಗೊಳಿಸುವುದರಿಂದ ಅದನ್ನು ಪಾಳಿ ಮುಗಿದ ನಂತರವೇ ಹಚ್ಚುವುದು ಸೂಕ್ತ.